ಹಳೆಯ ಎಂಜಿನ್ನಿನ ಪರೀಕ್ಷೆ



ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಮಾರುವವನು ತನ್ನ ಎತ್ತನ್ನು ಎಷ್ಟು ಬಣ್ಣಿಸಿದರೂ ಅವನು ಅದಕ್ಕೆ ಕಿವಿಗೊಡುವವನಲ್ಲ. ಬಾಯಿ ತೆರೆಸಿ ಹಲ್ಲನ್ನು ಎಣಿಸುತ್ತಾನೆ, ಸುಳಿಯನ್ನು ನೋಡುತ್ತಾನೆ, ಹೆಗಲನ್ನು ಒತ್ತಿ ನೊಗದ ಹುಣ್ಣುಂಟೇ ಎಂದು ತಿಳಿಯುತ್ತಾನೆ, ಹತ್ತು ಹೆಜ್ಜೆ ನಡೆಸಿ ಕಾಲಿನ ಊನವನ್ನು ಪರೀಕ್ಷಿಸುತ್ತಾನೆ. ಇಷ್ಟಾದ ಮೇಲೆಯೇ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತಿಗೆ ತೊಡಗುತ್ತಾನೆ. ಅವನ ಮನೆಯಾಕೆಯೂ ಅಷ್ಟೆ. ಅಲ್ಪ ಬೆಲೆಯ ಮಡಕೆಯನ್ನಾದರೂ ಬೆರಳಿನಿಂದ ತಟ್ಟಿ, ನಾದವನ್ನು ಕೇಳಿ, ಬಿರುಕಿಲ್ಲವೆಂದು ನಿಶ್ಚಯಿಸಿಕೊಂಡಲ್ಲದೆ ಮನೆಗೆ ತರುವುದಿಲ್ಲ. ಓದುಬರಹ ಬಲ್ಲ ಪಟ್ಟಣಿಗರಾದ ನಾವಾದರೋ, ಹತ್ತಾರು ಸಾವಿರ ರೂಪಾಯಿಗಳನ್ನು ತೆತ್ತು ಹಳೆಯ ಮೋಟಾರು ಎಂಜಿನ್ನೊಂದನ್ನು ಕೊಳ್ಳುವಾಗ, ಅದಕ್ಕೆ ಬಳಿದಿರುವ ಬಣ್ಣವನ್ನು ನೋಡಿ ಕೊಂಡುಬಿಡುತ್ತೇವೆ.

ಇತರರನ್ನು ಹಾಸ್ಯಮಾಡಲು ಈ ಮಾತನ್ನು ಆಡುತ್ತಿಲ್ಲ. ಹೀಗೆ ಕೊಂಡು ಕೈಸುಟ್ಟುಕೊಂಡವನು ನಾನೇ. ಹಲವು ವರ್ಷಗಳ ಹಿಂದೆ ನನ್ನ ಅಂಬಾಸಡರ್ ಗಾಡಿಯ ಎಂಜಿನ್ನು ಮುಪ್ಪಿನಿಂದ ಕೆಟ್ಟು, ಬೇರೊಂದನ್ನು ಕೂಡಿಸುವುದು ಅನಿವಾರ್ಯವಾಯಿತು. ಅಂಗಡಿಯೊಂದರಲ್ಲಿ ಬೆಳ್ಳಿಬಣ್ಣ ಬಳಿದ ಎಂಜಿನ್ನೊಂದು ಮದುಮಗನಂತೆ ಕುಳಿತಿತ್ತು. ದೊಡ್ಡ ಅಧಿಕಾರಿಗಳ ಗಾಡಿಯದೆಂದೂ, ಹೆಚ್ಚು ಓಡಿಲ್ಲವೆಂದೂ ಹೇಳಿದರು, ನಾನು ನಂಬಿದೆ. ಮೆಕ್ಯಾನಿಕರು ಎರಡು ದಿನ ದುಡಿದು ಅದನ್ನು ಗಾಡಿಯೊಳಕ್ಕೆ ಇಳಿಸಿದರು. ಮೂರನೆಯ ದಿನ ತುಮಕೂರು ರಸ್ತೆಯ ಏರೊಂದನ್ನು ಹತ್ತುತ್ತಿರುವಾಗ ಒಳಗಿನಿಂದ ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದು ಮೊದಲಾಯಿತು. ಎಣ್ಣೆಯ ಒತ್ತಡ ತಗ್ಗಿತೆಂದು ಸಾರುವ ದೀಪವು ಹೊತ್ತಿಕೊಂಡಿತು. ಹಗ್ಗ ಕಟ್ಟಿಸಿಕೊಂಡು ಎಳೆಯಿಸಿಕೊಂಡು ಬಂದೆ. ಬಿಚ್ಚಿ ನೋಡಿದಾಗ ಕೆಳಗಿನ ಎಣ್ಣೆಯ ತೊಟ್ಟಿಯಲ್ಲಿ ಬೇರಿಂಗಿನ ಲೋಹವು ಹೊಳೆಯುವ ಹೊಟ್ಟಿನಂತೆ ಬಿದ್ದಿತ್ತು. ಅದು ಮೂರು ದಿನಗಳಲ್ಲಿ ಆದ ಸವೆತವಲ್ಲ. ಎಂಜಿನ್ನು ಅಂಗಡಿಯ ನೆಲದ ಮೇಲಿದ್ದಾಗ ಅರ್ಧ ಗಂಟೆ ವ್ಯಯಮಾಡಿದ್ದರೆ ಅದೇ ಹೊಟ್ಟನ್ನು ಅಲ್ಲಿಯೇ ಕಾಣಬಹುದಾಗಿತ್ತು.

ಎಂಜಿನ್ನಿನ ಬೆಲೆ ಹೋದದ್ದು ಒಂದು ನಷ್ಟ. ಇಳಿಸಿದ ಕೂಲಿ, ಮತ್ತೆ ಎತ್ತಿದ ಕೂಲಿ, ಹೊಸ ಗ್ಯಾಸ್ಕೆಟ್ಟುಗಳು, ಹೊಸ ಎಣ್ಣೆ, ಗಾಡಿಯಿಲ್ಲದೆ ಕಳೆದ ದಿನಗಳು—ಇವೆಲ್ಲ ಸೇರಿ ಇನ್ನೊಂದು ನಷ್ಟ. ಆಗ ನಾನು ಕಲಿತ ಪಾಠವೇ ಈ ದಿನದ ಭಾಷಣದ ಸಾರ. ಒಳ್ಳೆಯ ಎಂಜಿನ್ನನ್ನು ಕೂಡಿಸಲು ಎಷ್ಟು ಶ್ರಮವೋ ಕೆಟ್ಟ ಎಂಜಿನ್ನನ್ನು ಕೂಡಿಸಲೂ ಅಷ್ಟೇ ಶ್ರಮ. ಕೂಲಿಯಲ್ಲಿ ಕಾಸಿನ ರಿಯಾಯಿತಿಯೂ ಇಲ್ಲ. ಆದುದರಿಂದ ಎಂಜಿನ್ನನ್ನು ಕೇಳತಕ್ಕ ಪ್ರಶ್ನೆಗಳನ್ನೆಲ್ಲ ಅದು ನೆಲದ ಮೇಲಿರುವಾಗಲೇ ಕೇಳಿಬಿಡಬೇಕು. ಗಾಡಿಯೊಳಗೆ ಇಳಿದ ಮೇಲೆ ಅದೇ ಉತ್ತರಕ್ಕೆ ಹತ್ತರಷ್ಟು ಬೆಲೆ ತೆರಬೇಕಾಗುತ್ತದೆ.

ಹೊಸದನ್ನೇ ಏಕೆ ಕೊಳ್ಳಬಾರದೆಂದು ನೀವು ಕೇಳಬಹುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಶ್ರೇಣಿಯ ಮಾದರಿಯಲ್ಲಿ, ೧೯೫೦ರ ದಶಕದ ಕೊನೆಯ ಭಾಗದಿಂದ, ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರು ೨೦೧೪ರಲ್ಲಿ ನಿಂತುಹೋಯಿತು. ದೀರ್ಘಕಾಲ ಅದನ್ನು ಎಳೆದದ್ದು ೧೪೮೯ ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ, ಎರಕದ ಕಬ್ಬಿಣದ ಪೆಟ್ರೋಲ್ ಎಂಜಿನ್ನು. ೧೯೫೫ರಲ್ಲಿ ಬಂದ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಗಾಡಿಯಲ್ಲಿದ್ದುದೂ ಇದೇ ಮನೆತನದ, ಇದೇ ಅಳತೆಯ ಎಂಜಿನ್ನು. ಈಗ ಇದನ್ನು ಹೊಸದಾಗಿ ಮಾಡುವವರಿಲ್ಲ. ಬೇಕಾದವರು ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳನ್ನೋ, ಚೆನ್ನೈಯ ಪುದುಪೇಟೆಯನ್ನೋ, ಕಲ್ಕತ್ತೆಯ ಮಲ್ಲಿಕ್ ಬಜಾರನ್ನೋ ಹೊಕ್ಕು, ಒಡೆದ ಗಾಡಿಗಳಿಂದ ಕಳಚಿದ ಎಂಜಿನ್ನುಗಳ ನಡುವೆ ಆರಿಸಿಕೊಳ್ಳಬೇಕು. ಹಾಗೆ ಆರಿಸುವುದು ಹೇಗೆಂಬುದನ್ನು ಒಂದು ನಡೆದ ಸಂಗತಿಯ ಮೂಲಕವೇ ತಿಳಿಸುತ್ತೇನೆ.

ನಮ್ಮ ಬೀದಿಯಲ್ಲಿ ಚಾಲಕರೊಬ್ಬರಿದ್ದಾರೆ. ಬಿಳಿಯ ಅಂಬಾಸಡರೊಂದನ್ನು ಸಿಂಗರಿಸಿ ಮದುವೆಯ ಮೆರವಣಿಗೆಗಳಿಗೆ ಬಾಡಿಗೆಗೆ ಓಡಿಸುವುದು ಅವರ ಜೀವನೋಪಾಯ. ಒಂದು ವರ್ಷ ಫಾಲ್ಗುಣ ಮಾಸದಲ್ಲಿ ಅವರ ಗಾಡಿಯ ಎಂಜಿನ್ನಿನ ದಿಮ್ಮಿಯೇ ಬಿರಿಯಿತು. ವೈಶಾಖದ ಲಗ್ನಗಳಿಗೆ ಮುಂಗಡ ಹಣವನ್ನು ಅದಾಗಲೇ ಪಡೆದಿದ್ದರು. ಆ ಹಣ ಮಗಳ ಕಾಲೇಜಿಗೆ ಸಂದಾಯವಾಗಿ ಹೋಗಿತ್ತು. ಬೇರೆ ಎಂಜಿನ್ನಿಗಾಗಿ ಸಾಲ ತಂದರು. ಎರಡನೆಯ ಬಾರಿ ಸಾಲ ತರುವ ಶಕ್ತಿ ಅವರಿಗಿರಲಿಲ್ಲ. ನನ್ನ ಹಳೆಯ ಕಥೆಯನ್ನು ಬಲ್ಲವರಾದ ಕಾರಣ, “ತಾವೂ ಬನ್ನಿ, ಒಮ್ಮೆ ಕಳೆದುಕೊಂಡವರ ಕಣ್ಣು ಚುರುಕಾಗಿರುತ್ತದೆ” ಎಂದು ಕರೆದರು. ಒಂದು ಟಾರ್ಚು, ಒಂದು ಅಯಸ್ಕಾಂತ, ಒಂದು ಬಿಳಿಯ ಬಟ್ಟೆ, ಸ್ಪ್ಯಾನರುಗಳು, ಮೆಕ್ಯಾನಿಕರಿಂದ ಎರವಲು ಪಡೆದ ಒತ್ತಡದ ಗೇಜು—ಇಷ್ಟನ್ನು ಚೀಲಕ್ಕೆ ತುಂಬಿಕೊಂಡು ಹೊರಟೆವು.

ಅಂಗಡಿಯಲ್ಲಿ ನಮಗೆ ತಕ್ಕ ಎಂಜಿನ್ನುಗಳು ಎರಡಿದ್ದವು. ಒಂದು ಹೊಸ ಬಣ್ಣದಿಂದ ಥಳಥಳಿಸುತ್ತಿತ್ತು. ಇನ್ನೊಂದು ಎಣ್ಣೆ, ಧೂಳು ಸೇರಿ ಕರಿಗಟ್ಟಿ, ಮುಟ್ಟಲು ಹೇಸಿಕೆಯಾಗುವಂತಿತ್ತು. ಬಣ್ಣದ ಎಂಜಿನ್ನಿಗೆ ಬೆಲೆಯೂ ಹೆಚ್ಚು. ಗೇರುಪೆಟ್ಟಿಗೆಗಳು ಎರಡಕ್ಕೂ ಇನ್ನೂ ಜೋಡಿಸಿಯೇ ಇದ್ದುದು ನಮ್ಮ ಅದೃಷ್ಟ. ಅದರಿಂದ ಸ್ಟಾರ್ಟರನ್ನು ಹಾಕಿ ತಿರುಗಿಸಲು ಅನುಕೂಲವಾಯಿತು.

ಮೊದಲು ನೋಡತಕ್ಕದ್ದು ಎಂಜಿನ್ನಿನ ಸಂಖ್ಯೆ. ಅದನ್ನು ಅರದಿಂದ ಉಜ್ಜಿದ್ದರೆ, ಅಥವಾ ಮೇಲೆ ಬೇರೆ ಅಂಕಿಗಳನ್ನು ಕುಟ್ಟಿದ್ದರೆ, ಆ ಎಂಜಿನ್ನು ಎಷ್ಟೇ ಉತ್ತಮವಾಗಿದ್ದರೂ ಅಲ್ಲಿಂದ ಎದ್ದುಬರಬೇಕು. ಕದ್ದ ಮಾಲೆಂಬ ಶಂಕೆ ಒಂದು ಕಡೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣ ಇನ್ನೊಂದು ಕಡೆ. ಎಂಜಿನ್ನು ಬದಲಿಸುವವರು ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆದು, ಹೊಸ ಸಂಖ್ಯೆಯನ್ನು ಗಾಡಿಯ ಪತ್ರದಲ್ಲಿ ಬರೆಯಿಸಬೇಕು. ಓದಲಾಗದ ಸಂಖ್ಯೆಯನ್ನು ಯಾವ ಅಧಿಕಾರಿಯೂ ಬರೆದುಕೊಳ್ಳಲಾರರು. ನಮ್ಮ ಎರಡು ಎಂಜಿನ್ನುಗಳ ಸಂಖ್ಯೆಗಳೂ ಸ್ವಚ್ಛವಾಗಿದ್ದವು. ಮಾರಾಟದ ರಸೀತಿಯಲ್ಲಿ ಸಂಖ್ಯೆಯನ್ನು ನಮೂದಿಸುವುದಾಗಿ ಅಂಗಡಿಯವರು ಒಪ್ಪಿದರು.

ಎರಡನೆಯದು ಹೊರಮೈಯ ಪರೀಕ್ಷೆ. ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟರೆ ಬಿರುಕು, ಬೆಸುಗೆ, ಮುರಿದ ಕಿವಿಗಳು ಕಾಣುತ್ತವೆ. ಬೋಲ್ಟುಗಳ ತಲೆ ಮೂಲೆ ಸವೆದು ಗುಂಡಗಾಗಿದ್ದರೆ ಯಾರೋ ಅವಸರದಲ್ಲಿ ಬಿಚ್ಚಿ ಕಟ್ಟಿದ್ದಾರೆಂದು ತಿಳಿಯಬೇಕು. ಬಣ್ಣದ ಎಂಜಿನ್ನಿನಲ್ಲಿ ಗ್ಯಾಸ್ಕೆಟ್ಟಿನ ಅಂಚುಗಳ ಮೇಲೂ, ಹೊರಗೆ ಉಕ್ಕಿದ ಅಂಟಿನ ಮೇಲೂ ಬಣ್ಣವೇ ಹರಿದಿತ್ತು. ಎಣ್ಣೆ ಎಲ್ಲಿ ಸೋರುತ್ತಿತ್ತೆಂದು ಹೇಳುವ ಕುರುಹೆಲ್ಲ ಅಳಿಸಿಹೋಗಿತ್ತು. ಕರಿಗಟ್ಟಿದ ಎಂಜಿನ್ನಾದರೋ ತನ್ನ ಚರಿತ್ರೆಯನ್ನು ಮೈಮೇಲೆಯೇ ಬರೆದುಕೊಂಡಿತ್ತು. ಮೇಲಿನ ಮುಚ್ಚಳದ ಅಂಚಿನಿಂದ ಎಣ್ಣೆ ಇಳಿದಿತ್ತು; ಹಿಂಭಾಗದಲ್ಲಿಯೂ ಸ್ವಲ್ಪ ಜಿನುಗಿತ್ತು. ಹಿಂಭಾಗದ ಜಿನುಗು ಕಂಡು ಚಾಲಕರು ಕಳವಳಗೊಂಡರು. ಈ ಎಂಜಿನ್ನಿನ ಹಿಂದುಗಡೆ ಎಣ್ಣೆಯನ್ನು ತಡೆಯುವುದು ರಬ್ಬರಿನ ಬಳೆಯಲ್ಲ, ದಂಡದ ಮೇಲೆ ಕೊರೆದ ತಿರುಪಿನ ಗೆರೆ. ಅದು ತಿರುಗುವಾಗ ಎಣ್ಣೆಯನ್ನು ಒಳಕ್ಕೆ ನೂಕುತ್ತದೆ, ನಿಂತಾಗ ತುಸು ಜಿನುಗಬಿಡುತ್ತದೆ. ಇದು ಈ ಜಾತಿಯ ಸ್ವಭಾವವೇ ಹೊರತು ರೋಗವಲ್ಲ. ಪರೀಕ್ಷಕನು ದೋಷವನ್ನು ಗುರುತಿಸಿದರೆ ಸಾಲದು. ಯಾವುದು ದೋಷವಲ್ಲವೆಂಬುದನ್ನೂ ಅರಿತಿರಬೇಕು.

ಮೂರನೆಯದು ಎಣ್ಣೆ. ಅಳತೆಕಡ್ಡಿಯನ್ನು ಎಳೆದು ಬಿಳಿಯ ಬಟ್ಟೆಗೆ ಒರೆಸಿ ನೋಡಬೇಕು. ಎಣ್ಣೆ ಹಾಲು ಬೆರೆತ ಕಾಫಿಯಂತಿದ್ದರೆ ಒಳಗೆ ನೀರು ಸೇರಿದೆ. ಪೆಟ್ರೋಲಿನ ವಾಸನೆ ಹೊಡೆದರೆ ಪೆಟ್ರೋಲು ಉರಿಯದೆ ಕೆಳಕ್ಕಿಳಿದಿದೆ. ಬೆಳಕಿನಲ್ಲಿ ಮಿನುಗಿದರೆ ಲೋಹ ಸವೆದಿದೆ. ಬಣ್ಣದ ಎಂಜಿನ್ನಿನ ಎಣ್ಣೆ ಜೇನಿನಂತೆ ನಿರ್ಮಲವಾಗಿತ್ತು. ಚಾಲಕರು ಸಂತೋಷಪಟ್ಟರು, ನನಗೆ ಸಂತೋಷವಾಗಲಿಲ್ಲ. ಆಗತಾನೆ ಸುರಿದ ಎಣ್ಣೆಗೆ ಯಾವ ಗುಟ್ಟೂ ತಿಳಿದಿರುವುದಿಲ್ಲ. ಇನ್ನೊಂದರ ಎಣ್ಣೆ ಇದ್ದಿಲಿನಂತೆ ಕಪ್ಪಾಗಿತ್ತು. ಆದರೆ ನೀರಿರಲಿಲ್ಲ, ಮಿನುಗೂ ಇರಲಿಲ್ಲ.

ನಾಲ್ಕನೆಯದು ಸ್ಪಾರ್ಕ್ ಪ್ಲಗ್ಗುಗಳು. ಅವು ಸಿಲಿಂಡರಿನ ನಾಲಗೆಗಳು. ವೈದ್ಯನು ರೋಗಿಯ ನಾಲಗೆಯನ್ನು ನೋಡುವಂತೆ ಇವನ್ನು ನೋಡಬೇಕು. ತಿಳಿಗಂದು ಬಣ್ಣ ಆರೋಗ್ಯದ್ದು. ಒಣಗಿದ ಮಸಿ, ಪೆಟ್ರೋಲು ಹೆಚ್ಚಾದುದರ ಲಕ್ಷಣ. ಎಣ್ಣೆಯ ಜಿಡ್ಡು, ಪಿಸ್ಟನ್ನಿನ ಉಂಗುರಗಳನ್ನೋ ವಾಲ್ವಿನ ದಾರಿಯನ್ನೋ ದಾಟಿ ಎಣ್ಣೆ ಮೇಲೇರಿದೆಯೆಂಬುದರ ಲಕ್ಷಣ. ಉಳಿದವು ಮಸುಕಾಗಿದ್ದು ಒಂದು ಮಾತ್ರ ತೊಳೆದಂತೆ ಶುಭ್ರವಾಗಿದ್ದರೆ, ಅಲ್ಲಿ ನೀರು ಸೋರಿ ಆವಿಯಾಗಿ ತೊಳೆದಿದೆಯೆಂದು ಶಂಕಿಸಬೇಕು. ಬಣ್ಣದ ಎಂಜಿನ್ನಿಗೆ ಹೊಸ ಪ್ಲಗ್ಗುಗಳನ್ನು ಹಾಕಿದ್ದರು, ಅವೂ ಮೌನ. ಕರಿಯ ಎಂಜಿನ್ನಿನಲ್ಲಿ ಮೂರು ತಿಳಿಗಂದಾಗಿಯೂ ನಾಲ್ಕನೆಯದು ಜಿಡ್ಡಾಗಿಯೂ ಇದ್ದವು. ಹಾಗೆಂದು ಕಾಗದದಲ್ಲಿ ಬರೆದುಕೊಂಡೆವು.

ಐದನೆಯದು ಕೈಯಿಂದ ತಿರುಗಿಸಿ ನೋಡುವುದು. ಜರ್ಮನಿಯ ಆಟೋ ಎಂಬ ಯಂತ್ರಶಿಲ್ಪಿಯು ೧೮೭೬ರಲ್ಲಿ ರೂಢಿಗೆ ತಂದ ನಾಲ್ಕು ಹೊಡೆತಗಳ ಕ್ರಮವು ಎರಡು ಪೂರ್ಣ ಸುತ್ತುಗಳಲ್ಲಿ ಮುಗಿಯುತ್ತದೆ. ಆದುದರಿಂದ ಒಂದು ಸುತ್ತಿಗೆ ತೃಪ್ತರಾಗದೆ ಎರಡು ಸುತ್ತು ತಿರುಗಿಸಬೇಕು. ಪ್ಲಗ್ಗುಗಳನ್ನು ತೆಗೆದಿದ್ದಾಗ ಎಲ್ಲಿಯೂ ತಡೆಯದೆ, ಗರಗರನೆ ಸದ್ದಿಲ್ಲದೆ ತಿರುಗಬೇಕು. ಬಹುಕಾಲ ನಿಂತು ಹಿಡಿದುಕೊಂಡಿದ್ದರೆ ಬಲಾತ್ಕರಿಸದೆ, ಪ್ಲಗ್ಗಿನ ರಂಧ್ರಗಳಿಂದ ತುಸು ಎಣ್ಣೆ ಬಿಟ್ಟು ಒಂದೆರಡು ದಿನ ಕಾಯುವುದು ಲೇಸು. ಪ್ಲಗ್ಗುಗಳನ್ನು ಮತ್ತೆ ಹಾಕಿ ತಿರುಗಿಸಿದರೆ ಎರಡು ಸುತ್ತುಗಳಲ್ಲಿ ನಾಲ್ಕು ಬಾರಿ ಕೈಗೆ ಒತ್ತು ತಿಳಿಯಬೇಕು. ಕರಿಯ ಎಂಜಿನ್ನು ನಾಲ್ಕು ಬಾರಿಯೂ ಕೈಯನ್ನು ತಡೆಯಿತು. ಬಣ್ಣದ್ದು ಎರಡು ಬಾರಿ ತಡೆದು, ಎರಡು ಬಾರಿ ಸುಮ್ಮನೆ ಜಾರಿತು.

ಕೈಯ ಅನುಭವವನ್ನು ಅಂಕಿಗಳಿಂದ ದೃಢಪಡಿಸಿಕೊಳ್ಳುವುದು ಆರನೆಯ ಪರೀಕ್ಷೆ. ಎಲ್ಲ ಪ್ಲಗ್ಗುಗಳನ್ನೂ ತೆಗೆದು, ಕಾರ್ಬ್ಯುರೇಟರಿನ ಬಾಗಿಲನ್ನು ಪೂರ್ಣವಾಗಿ ತೆರೆದು, ಚೆನ್ನಾಗಿ ತುಂಬಿದ ಬ್ಯಾಟರಿಯಿಂದ ಸ್ಟಾರ್ಟರನ್ನು ನಡೆಸಿ, ಪ್ರತಿ ಸಿಲಿಂಡರಿಗೂ ಗೇಜನ್ನು ಹಿಡಿದು, ಐದಾರು ಒತ್ತುಗಳಾದ ಮೇಲೆ ಮುಳ್ಳು ನಿಂತ ಸ್ಥಳವನ್ನು ಬರೆದುಕೊಳ್ಳಬೇಕು. ಇಲ್ಲಿ ಬೆಂಗಳೂರಿನವರು ನೆನಪಿಡತಕ್ಕ ಸಂಗತಿಯೊಂದುಂಟು. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ಹಗುರ. ಚೆನ್ನೈಯಲ್ಲಿ ತೋರುವುದಕ್ಕಿಂತ ಗೇಜು ಇಲ್ಲಿ ಸುಮಾರು ಹತ್ತನೆಯ ಒಂದು ಪಾಲು ಕಡಮೆ ತೋರುತ್ತದೆ. ಪುಸ್ತಕದ ಅಂಕಿ ಬರಲಿಲ್ಲವೆಂದು ಹೆದರಬೇಕಾಗಿಲ್ಲ. ನಾಲ್ಕು ಸಿಲಿಂಡರುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದೇ ಮುಖ್ಯ. ಅತಿ ಹೆಚ್ಚಿನದಕ್ಕೂ ಅತಿ ಕಡಮೆಯದಕ್ಕೂ ನಡುವೆ ನೂರಕ್ಕೆ ಹತ್ತರಷ್ಟು ವ್ಯತ್ಯಾಸ ಸಹಜ. ಹದಿನೈದನ್ನು ಮೀರಿದರೆ ಕಾರಣವನ್ನು ಹುಡುಕಬೇಕು.

ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬ ಲೆಕ್ಕದಲ್ಲಿ, ಕರಿಯ ಎಂಜಿನ್ನಿನ ಸಿಲಿಂಡರುಗಳು ಕ್ರಮವಾಗಿ ೧೧೦, ೧೧೨, ೧೦೮, ೯೬ ತೋರಿದವು. ಬಣ್ಣದ್ದು ೧೧೮, ೭೦, ೬೮, ೧೧೫ ತೋರಿತು. ಬಳಿಕ ಕಡಮೆ ತೋರಿದ ಸಿಲಿಂಡರುಗಳಿಗೆ ಒಂದೊಂದು ಚಮಚ ಎಣ್ಣೆಯನ್ನು ಹನಿಸಿ ಮರಳಿ ಅಳೆದೆವು. ಎಣ್ಣೆಯು ಉಂಗುರಗಳ ಸಂದನ್ನು ಕ್ಷಣಕಾಲ ಮುಚ್ಚುತ್ತದೆ. ಒತ್ತಡ ಏರಿದರೆ ಸವೆತ ಉಂಗುರಗಳಲ್ಲಿದೆ, ಏರದಿದ್ದರೆ ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಇದೆ. ಕರಿಯ ಎಂಜಿನ್ನಿನ ನಾಲ್ಕನೆಯ ಸಿಲಿಂಡರು ೯೬ರಿಂದ ೧೦೮ಕ್ಕೆ ಏರಿತು. ಜಿಡ್ಡಾದ ಪ್ಲಗ್ಗು ಹೇಳಿದ್ದನ್ನೇ ಗೇಜೂ ಹೇಳಿತು: ಉಂಗುರ ಸವೆದಿದೆ. ಬಣ್ಣದ ಎಂಜಿನ್ನು ಎಣ್ಣೆಗೆ ಜಗ್ಗಲಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕುಗ್ಗಿದ್ದರೆ ಅವುಗಳ ನಡುವಣ ಗ್ಯಾಸ್ಕೆಟ್ಟು ಸುಟ್ಟಿರುವುದೇ ಹೆಚ್ಚು. ಪಿಸ್ಟನ್ನು ಮೇಲುತುದಿಯಲ್ಲಿರುವಂತೆ, ಎರಡು ವಾಲ್ವುಗಳೂ ಮುಚ್ಚಿರುವಂತೆ ನಿಲ್ಲಿಸಿ, ಎರಡನೆಯ ಸಿಲಿಂಡರಿಗೆ ಪಂಪಿನಿಂದ ಗಾಳಿ ಬಿಟ್ಟಾಗ ಅದು ಮೂರನೆಯದರ ಪ್ಲಗ್ಗಿನ ರಂಧ್ರದಿಂದ ಬುಸುಗುಟ್ಟುತ್ತ ಹೊರಬಂತು. ಈ ಗಾಳಿಯ ಪರೀಕ್ಷೆ ಬಹಳ ಪ್ರಾಮಾಣಿಕವಾದುದು. ಕಾರ್ಬ್ಯುರೇಟರಿನಲ್ಲಿ ಸದ್ದಾದರೆ ಒಳಬರುವ ವಾಲ್ವು, ಹೊಗೆಕೊಳವೆಯಲ್ಲಿ ಸದ್ದಾದರೆ ಹೊರಹೋಗುವ ವಾಲ್ವು, ಎಣ್ಣೆ ಹೊಯ್ಯುವ ಬಾಯಲ್ಲಿ ಸದ್ದಾದರೆ ಉಂಗುರಗಳು ಸೋರುತ್ತವೆ. ಗಾಳಿ ಬಿಡುವಾಗ ದಂಡವು ಹಠಾತ್ತನೆ ತಿರುಗಬಹುದಾದುದರಿಂದ ಸ್ಪ್ಯಾನರನ್ನು ಅದರ ಮೇಲೆಯೇ ಬಿಟ್ಟಿರಬಾರದು.

ಹಳೆಯ ಕಬ್ಬಿಣದ ಎಂಜಿನ್ನುಗಳ ವಾಲ್ವುಗಳ ವಿಷಯದಲ್ಲಿ ಇನ್ನೊಂದು ಮಾತು. ಇವು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ ಹುಟ್ಟಿದವು; ಆ ಸೀಸವೇ ವಾಲ್ವು ಕುಳಿತುಕೊಳ್ಳುವ ಪೀಠವನ್ನು ಸವೆಯದಂತೆ ಕಾಯುತ್ತಿತ್ತು. ೨೦೦೦ನೆಯ ಇಸವಿಯಲ್ಲಿ ದೇಶದಲ್ಲೆಲ್ಲ ಸೀಸದ ಪೆಟ್ರೋಲು ನಿಂತಿತು. ಜನರ ಆರೋಗ್ಯಕ್ಕೆ ಅದು ಒಳಿತೇ ಆಯಿತು. ಆದರೆ ಗಟ್ಟಿಲೋಹದ ಪೀಠಗಳನ್ನು ಕೂಡಿಸದ ಹಳೆಯ ಎಂಜಿನ್ನುಗಳಲ್ಲಿ ಹೊಗೆಯ ವಾಲ್ವುಗಳು ಕ್ರಮೇಣ ಪೀಠದೊಳಕ್ಕೆ ಹೂತುಹೋಗುತ್ತವೆ. ಮೇಲಿನ ಸಂದು ಕಿರಿದಾಗಿ, ಕೊನೆಗೆ ವಾಲ್ವು ಪೂರ್ಣವಾಗಿ ಮುಚ್ಚುವುದೇ ಇಲ್ಲ. ಆದುದರಿಂದ ಮುಚ್ಚಳ ತೆಗೆದು, ತೆಳುವಾದ ಅಳತೆಪಟ್ಟಿಯನ್ನು ತೂರಿಸಿ, ಯಾವ ವಾಲ್ವಿನ ಸಂದಾದರೂ ಮುಚ್ಚಿಹೋಗಿದೆಯೇ ಎಂದು ನೋಡಬೇಕು. ನಮ್ಮ ಎರಡು ಎಂಜಿನ್ನುಗಳಲ್ಲಿಯೂ ಸಂದುಗಳು ಸರಿಯಾಗಿಯೇ ಇದ್ದವು.

ಇಷ್ಟಾಗುವಾಗ ಮಧ್ಯಾಹ್ನವಾಯಿತು. ಚಾಲಕರು ಬಣ್ಣದ ಎಂಜಿನ್ನನ್ನು ಇನ್ನೂ ಮನಸ್ಸಿನಿಂದ ಬಿಟ್ಟಿರಲಿಲ್ಲ. “ಗ್ಯಾಸ್ಕೆಟ್ಟು ಅಲ್ಪ ಬೆಲೆಯದಲ್ಲವೆ? ಅದನ್ನು ಬದಲಿಸಿದರೆ ೧೧೮ ತೋರುವ ಎಂಜಿನ್ನು ೧೧೦ ತೋರುವುದಕ್ಕಿಂತ ಮೇಲಲ್ಲವೆ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಗ್ಯಾಸ್ಕೆಟ್ಟಿನ ದೋಷ ಎಂಜಿನ್ನನ್ನು ತಿರಸ್ಕರಿಸಲು ಸಾಕಾದ ಕಾರಣವಲ್ಲ. ಮೇಲುಭಾಗವನ್ನು ಅಳೆದಿದ್ದೆವು, ಕೆಳಭಾಗವನ್ನು ನೋಡಿರಲಿಲ್ಲ. ನನ್ನನ್ನು ಹಿಂದೆ ಕೆಡಿಸಿದ್ದೂ ಆ ಕೆಳಭಾಗವೇ. ಎಣ್ಣೆಯ ತೊಟ್ಟಿಯನ್ನು ಬಿಚ್ಚಿ ತೋರಿಸಬೇಕೆಂದು ಅಂಗಡಿಯವರನ್ನು ಕೇಳಿಕೊಂಡೆವು. ಬಿಚ್ಚುವ ಕೂಲಿಯನ್ನು ನಾವೇ ಕೊಡುವುದಾಗಿಯೂ, ಹೊಸ ಗ್ಯಾಸ್ಕೆಟ್ಟುಗಳ ಬೆಲೆಯನ್ನು ತೆರುವುದಾಗಿಯೂ ಹೇಳಿದ ಮೇಲೆ ಒಪ್ಪಿದರು.

ಎಣ್ಣೆಯನ್ನು ಬಸಿದು, ಎಂಜಿನ್ನನ್ನು ಮಗುಚಿ, ತೊಟ್ಟಿಯನ್ನು ತೆಗೆದೆವು. ಕರಿಯ ಎಂಜಿನ್ನಿನ ತೊಟ್ಟಿಯಲ್ಲಿ ಕೆಸರಿತ್ತು. ಅಯಸ್ಕಾಂತವನ್ನು ಆಡಿಸಿದಾಗ ನುಣ್ಣನೆಯ ಬೂದಿಯಂಥ ಪುಡಿ ಮಾತ್ರ ಅಂಟಿತು. ಇಷ್ಟು ಓಡಿದ ಎಂಜಿನ್ನಿಗೆ ಅದು ಸಹಜ. ಕ್ರ್ಯಾಂಕ್ ದಂಡವನ್ನು ಸನ್ನೆಯಿಂದ ಹಿಂದುಮುಂದಕ್ಕೆ ನೂಕಿ ನೋಡಿದೆವು. ಕಣ್ಣಿಗೆ ಕಾಣುವಷ್ಟು ಅಲುಗಲಿಲ್ಲ. ಈ ದಂಡವನ್ನು ಹೊರುವ ಮುಖ್ಯ ಬೇರಿಂಗುಗಳು ಮೂರೇ ಆದುದರಿಂದ ಅವುಗಳ ಆರೋಗ್ಯ ಹೆಚ್ಚಿನ ಮಹತ್ವದ್ದು. ಪಿಸ್ಟನ್ ದಂಡಗಳ ಕೆಳಗಿನ ಟೊಪ್ಪಿಗೆಗಳನ್ನು ಒಂದೊಂದಾಗಿ ಬಿಚ್ಚಿದೆವು. ಯಾವ ಟೊಪ್ಪಿಗೆ ಯಾವ ದಂಡದ್ದು, ಯಾವ ಮುಖವಾಗಿತ್ತು ಎಂಬುದನ್ನು ಗುರುತುಹಾಕಿಕೊಳ್ಳದೆ ಬಿಚ್ಚುವುದು ಮಹಾಪ್ರಮಾದ. ಅವನ್ನು ಅದಲುಬದಲು ಮಾಡುವಂತಿಲ್ಲ. ಬೇರಿಂಗಿನ ಚಿಪ್ಪು ಪದರಪದರವಾಗಿರುತ್ತದೆ. ಮೇಲಿನ ಮೃದುಲೋಹದ ಪದರ ಮಾಸಲು ಬೂದುಬಣ್ಣದ್ದು. ಅದು ಸವೆದರೆ ಅಡಿಯ ತಾಮ್ರದ ಬಣ್ಣ ಇಣುಕುತ್ತದೆ. ಕರಿಯ ಎಂಜಿನ್ನಿನ ನಾಲ್ಕು ಜೊತೆ ಚಿಪ್ಪುಗಳೂ ಬೂದುಬಣ್ಣವಾಗಿದ್ದವು. ಅವುಗಳ ಬೆನ್ನಮೇಲೆ ಇಂಚಿನ ಸಾವಿರದ ಹತ್ತು ಪಾಲೆಂದು ಸೂಚಿಸುವ ೦೧೦ ಎಂಬ ಅಂಕಿಯಿತ್ತು. ದಂಡವನ್ನು ಹಿಂದೆ ಒಮ್ಮೆ ಸಾಣೆಹಿಡಿಸಿ, ಅದಕ್ಕೊಪ್ಪುವ ಚಿಪ್ಪು ಹಾಕಿದ್ದಾರೆಂದು ಅದರಿಂದ ತಿಳಿಯಿತು. ಇದು ಶುಭಲಕ್ಷಣವೇ, ಯಾರೋ ಬಲ್ಲವರು ಇದನ್ನು ನೋಡಿಕೊಂಡಿದ್ದರು.

ಆಮೇಲೆ ಬಣ್ಣದ ಎಂಜಿನ್ನಿನ ತೊಟ್ಟಿಯನ್ನು ತೆಗೆದೆವು. ನಿರ್ಮಲವಾದ ಆ ಎಣ್ಣೆಯ ತಳದಲ್ಲಿ ನನಗೆ ಪರಿಚಿತವಾದ ಹೊಟ್ಟು ಹೊಳೆಯುತ್ತಿತ್ತು. ಮೂರನೆಯ ದಂಡದ ಚಿಪ್ಪನ್ನು ಬಿಚ್ಚಿದಾಗ ತಾಮ್ರದ ಚೆಂಬಿನಂತೆ ಕೆಂಪಗಿತ್ತು. ಕ್ರ್ಯಾಂಕಿನ ಮೇಲೆ ಉಗುರಿಗೆ ಸಿಕ್ಕುವಷ್ಟು ಆಳದ ಗೆರೆಗಳು ಬಿದ್ದಿದ್ದವು. ಚಾಲಕರು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು. ಅಂಗಡಿಯವರ ಮುಖವೂ ಬಾಡಿತು. ಅವರು ಬೇಕೆಂದೇ ಮುಚ್ಚಿಟ್ಟರೆಂದು ನಾನು ಹೇಳಲಾರೆ. ಒಡೆದ ಗಾಡಿಯಿಂದ ಬಂದದ್ದನ್ನು ತೊಳೆದು ಬಣ್ಣ ಬಳಿದು ಇಟ್ಟಿದ್ದರು, ತೆರೆದು ನೋಡಿರಲಿಲ್ಲ. ಮಾರುವವನಿಗೂ ತಿಳಿಯದ ಸತ್ಯವನ್ನು ಮಾರುವವನ ಮಾತಿನಿಂದ ತಿಳಿಯಲು ಸಾಧ್ಯವೇ?

ಕರಿಯ ಎಂಜಿನ್ನಿನ ತಲೆಯನ್ನೂ ತೆಗೆಸಿ ಸಿಲಿಂಡರಿನ ಒಳಗೋಡೆಗಳನ್ನು ನೋಡಿದೆವು. ಉಂಗುರಗಳು ಓಡಾಡುವ ಎಲ್ಲೆಯ ಮೇಲ್ಭಾಗದಲ್ಲಿ ಸವೆಯದ ಅಂಚು ಉಳಿದು ಮೆಟ್ಟಿಲಿನಂತಾಗುತ್ತದೆ. ಅದು ಉಗುರನ್ನು ತಡೆದು ನಿಲ್ಲಿಸುವಷ್ಟಿದ್ದರೆ ಸಿಲಿಂಡರನ್ನು ಮತ್ತೆ ಕೊರೆಯಿಸಬೇಕಾಗುವುದು. ಈ ಎಂಜಿನ್ನಿನ ಮೂಲ ವ್ಯಾಸ ೭೩.೦೨೫ ಮಿಲಿಮೀಟರು. ಹಿಂದೆ ಕೊರೆಯಿಸಿದ್ದರೆ ಪಿಸ್ಟನ್ನಿನ ನೆತ್ತಿಯ ಮೇಲೆ ೨೦, ೩೦, ೪೦ ಎಂಬಂಥ ಅಂಕಿಯನ್ನು ಒತ್ತಿರುವುದುಂಟು. ಮಸಿಯನ್ನು ಒರೆಸಿ ಓದಬೇಕು. ೪೦ ಎಂದಿದ್ದರೆ ಇನ್ನು ಕೊರೆಯಲು ಹೆಚ್ಚು ಗೋಡೆ ಉಳಿದಿಲ್ಲವೆಂದು ತಿಳಿಯಬೇಕು. ನಮ್ಮದರಲ್ಲಿ ೨೦ ಎಂದಿತ್ತು. ನಾಲ್ಕನೆಯ ಸಿಲಿಂಡರಿನ ಅಂಚು ಉಗುರಿಗೆ ತಿಳಿಯುತ್ತಿತ್ತು, ಆದರೆ ತಡೆಯುತ್ತಿರಲಿಲ್ಲ. ಹೊಸ ಉಂಗುರಗಳನ್ನು ಹಾಕಿದರೆ ಕೆಲವು ವರ್ಷ ನಡೆದೀತೆಂದು ನಿಶ್ಚಯಿಸಿದೆವು.

ಆಗ ಬೆಲೆಯ ಮಾತು ತೆಗೆದೆವು. ಕಾಗದದಲ್ಲಿ ಬರೆದಿದ್ದ ಅಂಕಿಗಳನ್ನು ಅಂಗಡಿಯವರ ಮುಂದಿಟ್ಟು, ಉಂಗುರ ಮತ್ತು ಗ್ಯಾಸ್ಕೆಟ್ಟುಗಳ ಖರ್ಚನ್ನು ಕಳೆದು ಕೊಡಬೇಕೆಂದು ಕೇಳಿದೆವು. ಚೌಕಾಸಿ ಹೆಚ್ಚು ಬೇಕಾಗಲಿಲ್ಲ. ಅಳತೆಗಳ ಮುಂದೆ ವಾದಕ್ಕೆ ಎಡೆ ಕಡಮೆ.

ಎಂಜಿನ್ನನ್ನು ಮನೆಗೆ ತಂದ ಮೇಲೂ ಅವಸರಪಡಲಿಲ್ಲ. ಗಾಡಿಯೊಳಕ್ಕೆ ಇಳಿದ ಬಳಿಕ ಕೈಗೆಟುಕದ ಭಾಗಗಳಾವುವೋ ಅವನ್ನೆಲ್ಲ ಹೊರಗಿರುವಾಗಲೇ ಸರಿಪಡಿಸುವುದು ಜಾಣತನ. ಉಂಗುರಗಳನ್ನು ಹಾಕಿಸುವುದರ ಜೊತೆಗೆ ಗ್ಯಾಸ್ಕೆಟ್ಟುಗಳನ್ನೂ, ದಿಮ್ಮಿಯ ಪಕ್ಕದ ತಗಡಿನ ಬಿಲ್ಲೆಗಳನ್ನೂ, ಕ್ಲಚ್ಚಿನ ತಟ್ಟೆಯನ್ನೂ, ನೀರಿನ ಕೊಳವೆಗಳನ್ನೂ ಬದಲಿಸಲಾಯಿತು. ೨೦೨೫ರ ಹೊತ್ತಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು ಎಲ್ಲೆಡೆ ಬಳಕೆಗೆ ಬಂದಿರುವುದರಿಂದ, ಹಳೆಯ ಪೆಟ್ರೋಲ್ ಪಂಪಿನ ರಬ್ಬರು ಪದರವನ್ನೂ ಕೊಳವೆಗಳನ್ನೂ ಅದನ್ನು ತಾಳುವಂಥವುಗಳಿಂದ ಬದಲಿಸುವುದು ಈ ಕೆಲಸದೊಡನೆಯೇ ಆಗತಕ್ಕದ್ದು. ಕಡೆಯದಾಗಿ, ಹೊಸ ಎಣ್ಣೆ ಹೊಯ್ದು, ಪ್ಲಗ್ಗುಗಳಿಲ್ಲದೆ ಸ್ಟಾರ್ಟರಿನಿಂದ ತಿರುಗಿಸಿ, ಎಣ್ಣೆಯ ಒತ್ತಡ ಏರಿದುದನ್ನು ಕಂಡ ಮೇಲೆಯೇ ಕಿಡಿ ಕೊಟ್ಟು ಹೊತ್ತಿಸಬೇಕು. ಒಣಗಿದ ಬೇರಿಂಗುಗಳ ಮೇಲೆ ಮೊದಲ ನಿಮಿಷ ಓಡಿದ ಎಂಜಿನ್ನು ತನ್ನ ಆಯುಸ್ಸನ್ನು ಆಗಲೇ ಕಳೆದುಕೊಳ್ಳುತ್ತದೆ.

ಈ ಗಾಡಿಯಾಚೆಗೂ ಈ ಕ್ರಮ ಸಲ್ಲುತ್ತದೆ. ಹೊಸ ಕಾಲದ ಎಂಜಿನ್ನುಗಳಲ್ಲಿ ಕಾರ್ಬ್ಯುರೇಟರು ಹೋಗಿ ಗಣಕದ ಆಳ್ವಿಕೆ ಬಂದಿದೆ. ಕೆಲವುಗಳಲ್ಲಿ ಸರಪಣಿಯ ಬದಲು ರಬ್ಬರಿನ ಪಟ್ಟಿ ವಾಲ್ವುಗಳನ್ನು ನಡೆಸುತ್ತದೆ. ಆ ಪಟ್ಟಿಯ ವಯಸ್ಸು ಹೊರನೋಟಕ್ಕೆ ತಿಳಿಯದಾದುದರಿಂದ ಎಂಜಿನ್ನನ್ನು ಇಳಿಸುವ ಮೊದಲು ಅದನ್ನು ಬದಲಿಸಿಯೇ ಬಿಡಬೇಕು. ಒತ್ತಡದ ಅಳತೆ, ಎಣ್ಣೆಯ ಪರೀಕ್ಷೆ, ಬೇರಿಂಗಿನ ಬಣ್ಣ—ಇವು ಬದಲಾಗಿಲ್ಲ. ನೀವು ಸ್ವತಃ ಸ್ಪ್ಯಾನರು ಹಿಡಿಯುವವರಲ್ಲದಿದ್ದರೆ ನಿಮ್ಮ ಮೆಕ್ಯಾನಿಕರನ್ನು ಕರೆದೊಯ್ದು, ಅವರ ಒಂದು ದಿನದ ಕೂಲಿಯನ್ನು ಸಂತೋಷದಿಂದ ಕೊಡಿ. ಅಂಗಡಿಯವರು ಗೇಜು ಹಿಡಿಯಲು ಬಿಡದಿದ್ದರೆ ಅದನ್ನೂ ಒಂದು ಉತ್ತರವೆಂದೇ ಭಾವಿಸಿ, ಮುಂದಿನ ಅಂಗಡಿಗೆ ನಡೆಯಿರಿ.

ಆ ಚಾಲಕರು ಕೊಂಡದ್ದು ಉತ್ತಮವಾದ ಎಂಜಿನ್ನೆಂದು ನಾನು ಹೇಳುವುದಿಲ್ಲ. ಅದಕ್ಕೆ ಸವೆದ ಉಂಗುರಗಳಿದ್ದವು, ಒಮ್ಮೆ ಸಾಣೆಹಿಡಿದ ದಂಡವಿತ್ತು, ಹಿಂಭಾಗದಲ್ಲಿ ಎಣ್ಣೆ ಜಿನುಗುತ್ತಿತ್ತು, ಈಗಲೂ ಜಿನುಗುತ್ತದೆ. ಆದರೆ ಅದರ ಕೊರತೆಗಳೆಲ್ಲ ಹಣ ಕೊಡುವ ಮೊದಲೇ ಅವರ ಕಾಗದದಲ್ಲಿ ಬರೆಯಲ್ಪಟ್ಟಿದ್ದವು. ಹಳೆಯ ವಸ್ತುವನ್ನು ಕೊಳ್ಳುವವನು ದೋಷವಿಲ್ಲದ್ದನ್ನು ಹುಡುಕಿ ಪ್ರಯೋಜನವಿಲ್ಲ. ದೋಷ ತಿಳಿದದ್ದನ್ನು ಹುಡುಕಬೇಕು. ವೈಶಾಖ ಶುದ್ಧದಲ್ಲಿ ನಮ್ಮ ಬೀದಿಯಿಂದ ಆ ಬಿಳಿಯ ಗಾಡಿ ಹೂವಿನ ಸಿಂಗಾರ ಹೊತ್ತು ಮೊದಲನೆಯ ಮದುವೆಗೆ ಹೊರಟಿತು. ಚಾಲಕರು ನನ್ನ ಮನೆಯ ಮುಂದೆ ಗಾಡಿಯನ್ನು ನಿಲ್ಲಿಸಿ, ಎಂಜಿನ್ನನ್ನು ಆರಿಸದೆ, ಕೇಳಿರೆಂದು ಕೈಸನ್ನೆ ಮಾಡಿದರು. ಕೇಳಿದೆ. ಬಡಿತವಿರಲಿಲ್ಲ.